ಶನಿವಾರ ಹತ್ತರಿಂದ ಐದು

ಬುರ್ಗೋಸ್, ಸ್ಪೇನ್
೨೨ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ಅಚ್ಯುತ ಮಾವನಿಗೆ,

ಕಾಗದ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳ್ತೇನೆ. ಬಂದು ಮೂರು ವಾರ ಆಗಲಿಲ್ಲ, ಆಗಲೇ ಇವಳದ್ದು ಎಂತ ಗೋಳು ಅಂತ ನಿಮಗೆ ಅನಿಸಬಹುದು. ಗೋಳು ಏನೂ ಇಲ್ಲ. ಭಾನುವಾರ ಅಂದರೆ ಕಾಗದ ಬರೆಯುವ ದಿನ ಅಂತ ಕೈಗೆ ಅಭ್ಯಾಸ ಆಗಿಹೋಗಿದೆ, ಅಷ್ಟೇ. ಹಾಸ್ಟೆಲಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬರೀತಿದ್ದರು: ನಾನು ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ, ಚೆನ್ನಾಗಿ ಓದುತ್ತಿದ್ದೇನೆ. ನಾವು ನಲವತ್ತು ಜನ ಅದನ್ನೇ ನಕಲು ಮಾಡಿ ಕೆಳಗೆ ಹೆಸರು ಹಾಕಿದರೆ ಆಯಿತು. ಇದು ಹಾಗಲ್ಲ, ನಾನೇ ಬರೆಯುವುದು. ಸ್ಪೆಲ್ಲಿಂಗಿಗೆ ನಗಬೇಡಿ. ಶನಿವಾರ ಹಾಸ್ಟೆಲಿನಿಂದ ನಿಮ್ಮ ಕ್ವಾರ್ಟರ್ಸಿಗೆ ಬಂದಾಗ ನೀವು ಕಾಪಿ ಬರೆಸಿದ್ದಷ್ಟೇ ನನ್ನ ಕನ್ನಡ.

ಮೇಲ್ ಮಾಡಬಹುದಿತ್ತಲ್ಲ ಅಂತ ಕೇಳ್ತೀರಿ. ಲೈಬ್ರರಿಯ ಕಂಪ್ಯೂಟರಿನಲ್ಲಿ ಲಾಗಿನ್ ಆಗಲಿಕ್ಕೆ ಒಟಿಪಿ ಬೇಕು, ಅದು ನನ್ನ ಫೋನಿಗೆ ಬರ್ತದೆ. ಫೋನು ನನ್ನ ಹತ್ತಿರ ಇಲ್ಲ. ಕಳೆದು ಹೋಗಲಿಲ್ಲ. ಹೇಳ್ತೇನೆ.

ನಾನು ಬಾಡಿಗೆಗೆ ರೂಮು ಹಿಡಿದ ಮನೆಯಲ್ಲಿ ಇಬ್ಬರೇ. ದೋನ್ಯಾ ಎಂಕಾರ್ನಾ ಅಂತ, ಅರವತ್ತರ ಹತ್ತಿರ; ದೋನ್ಯಾ ಅಂದರೆ ನಮ್ಮಲ್ಲಿ ಅಮ್ಮನವರು ಅಂದ ಹಾಗೆ. ಮತ್ತೆ ಹಿಂದಿನ ರೂಮಿನಲ್ಲಿ ಮಲಗಿರುವ ಅವರ ಅಮ್ಮ, ತೊಂಬತ್ತು ದಾಟಿದೆ. ಬಂದ ದಿನ ಒಂದು ತಮಾಷೆ ಆಯಿತು. ದೋನ್ಯಾ ನನಗೆ ರೂಮು ತೋರಿಸಿ ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋಗಿ ಫೋನು, ಲ್ಯಾಪ್‌ಟಾಪು, ಪಾಸ್‌ಪೋರ್ಟು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಕೈ ಕಟ್ಟಿ ನಿಂತೆ. ಟರ್ಮಿನ ಮೊದಲ ದಿನ ಹಾಸ್ಟೆಲಿನಲ್ಲಿ ಎಲ್ಲ ಒಪ್ಪಿಸಿ ಮೇಟ್ರನ್ ಚೇಚಿಯ ಮುಂದೆ ನಿಲ್ಲುವ ಹಾಗೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ನನಗೇ ಗೊತ್ತಿಲ್ಲ. ಅವರು ವಾಪಸ್ ತಳ್ಳಿದರು. ನಾನು ಪುನಃ ಮುಂದೆ ತಳ್ಳಿದೆ. ನಮ್ಮಲ್ಲಿ ಹೀಗೇ, ದೊಡ್ಡವರ ಹತ್ತಿರ ಇರಬೇಕು, ಅಂತ ಕಲೂರಿನ ಈವ್ನಿಂಗ್ ಕ್ಲಾಸಿನಲ್ಲಿ ಕಲಿತ ಸ್ಪ್ಯಾನಿಷಿನಲ್ಲಿ ಹೇಳಿದೆ. ಅವರು ಜೋರಾಗಿ ನಕ್ಕು, ನನ್ನ ಕೆನ್ನೆ ತಟ್ಟಿ, ಮೂರನ್ನೂ ಹಾಲಿನ ಕಪಾಟಿನ ಡ್ರಾಯರಿಗೆ ಹಾಕಿದರು.

ಆ ದಿನ ಡ್ರಾಯರಿಗೆ ಬೀಗ ಇರಲಿಲ್ಲ. ಮರುದಿನ ಇತ್ತು.

ಭಾನುವಾರ ಊಟ ಆದ ಮೇಲೆ ಕೊಚ್ಚಿಗೆ ವಿಡಿಯೊ ಕಾಲ್ ಮಾಡಲಿಕ್ಕೆ ಹತ್ತು ನಿಮಿಷ ಫೋನು ಕೊಡ್ತಾರೆ. ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತುಕೊಳ್ತಾರೆ, ಅಮ್ಮನಿಗೆ ಕೈ ಬೀಸ್ತಾರೆ. ಅಮ್ಮನಿಗೆ ತುಂಬಾ ಖುಷಿ. ಹಾಗಾಗಿ ಅಮ್ಮನಿಗೆ ಇದೆಲ್ಲ ಹೇಳಬೇಡಿ. ಅಪ್ಪ ಹೋದ ಮೇಲೆ ನನ್ನನ್ನು ಇಲ್ಲಿಯವರೆಗೆ ಮುಟ್ಟಿಸಲಿಕ್ಕೆ ಅವರು ಬ್ಯಾಂಕಿನಲ್ಲಿ, ನೆಂಟರಲ್ಲಿ ಎಷ್ಟು ಜನರ ಮಾತು ಕೇಳಿದ್ದಾರೆ ಅಂತ ನಿಮಗೆ ಗೊತ್ತುಂಟು. ನಾನೇ ಕೊಟ್ಟದ್ದನ್ನು ನಾನೇ ವಾಪಸ್ ಕೇಳಬಹುದಾ ಮಾವ? ಮರ್ಯಾದೆ ಆಗ್ತದಾ?

ನಿಮ್ಮ
ಅಪರ್ಣಾ


ತಿರುವನಂತಪುರ
೧೩ ಅಕ್ಟೋಬರ್ ೨೦೨೪

ಚಿ. ಅಪರ್ಣಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಹದಿನಾರು ದಿನ ತೆಗೆದುಕೊಂಡು ಕಳೆದ ಮಂಗಳವಾರ ತಲುಪಿತು. ಸ್ಪೆಲ್ಲಿಂಗ್ ತಪ್ಪು ಏಳು. ನಗಲಿಲ್ಲ.

ನನ್ನ ಅಭಿಪ್ರಾಯ ಕೇಳಿದ್ದೀಯ. ನೀನಾಗಿ ಒಪ್ಪಿಸಿದ ವಸ್ತುವನ್ನು ಮೂರನೇ ವಾರಕ್ಕೇ ಕೊಡಿ ಅಂದರೆ ಆ ಹೆಂಗಸಿನ ಮೇಲೆ ನಮಗೆ ವಿಶ್ವಾಸ ಇಲ್ಲ ಅಂತ ಆಗುತ್ತದೆ. ಒಂದೆರಡು ತಿಂಗಳು ಹೋಗಲಿ. ಪರದೇಶದಲ್ಲಿ ಒಂದು ಮನೆ, ಮನೆಗೊಂದು ಶಿಸ್ತು ಇರುವುದು ನಿನ್ನ ಪುಣ್ಯ. ಇಲ್ಲಿ ನನ್ನ ಮೇಲಿನ ಮನೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಹೊಸ ಹುಡುಗರು ಬಾಡಿಗೆಗೆ ಇದ್ದಾರೆ, ಕನ್ನಡದವರೇ. ಅವರ ಚಪ್ಪಲಿ ಎಲ್ಲಿ, ಬುದ್ಧಿ ಎಲ್ಲಿ ಅಂತ ದೇವರೇ ಹೇಳಬೇಕು. ಪಾಸ್‌ಪೋರ್ಟ್ ಮಾತ್ರ ಸಂದರ್ಭ ನೋಡಿ ವಿನಯದಿಂದ ಕೇಳು. ಅದು ಸರಕಾರದ ಸೊತ್ತು.

ಕಳೆದ ವಾರ ತಂಪಾನೂರಿನಲ್ಲಿ ರೈಲು ಹತ್ತಿ ನಿನ್ನ ಅಮ್ಮನನ್ನು ನೋಡಲು ಕೊಚ್ಚಿಗೆ ಹೋಗಿದ್ದೆ. ದಾಕ್ಷಾಯಣಿ ಕಲೂರಿನ ಫ್ಲ್ಯಾಟಿನ ಫ್ರಿಜ್ಜಿನ ಮೇಲೆ ನಿನ್ನ ಯುನಿವರ್ಸಿಟಿಯ ಫೋಟೋ ಅಂಟಿಸಿದ್ದಾಳೆ. ನಾನು ಏನೂ ಹೇಳಲಿಲ್ಲ. ನೀನು ಬೇಡ ಅಂದದ್ದಕ್ಕೆ.

ಇತಿ ನಿನ್ನ ಮಾವ
ಅಚ್ಯುತ


ಬುರ್ಗೋಸ್
೩ ನವೆಂಬರ್ ೨೦೨೪

ಪ್ರೀತಿಯ ಮಾವನಿಗೆ,

ನೀವು ಹೇಳಿದ ಹಾಗೆ ಕಾದೆ. ಪಾಸ್‌ಪೋರ್ಟ್ ವಿಷಯ ಕೇಳಿದೆ, ವಿನಯದಿಂದಲೇ. ಎಲ್ಲಿಗೆ ಹೋಗಲಿಕ್ಕುಂಟು ನಿನಗೆ, ಅಂತ ದೋನ್ಯಾ ಕೇಳಿದರು. ಎಲ್ಲಿಗೂ ಇಲ್ಲ ಅಂದೆ. ನಿಜ ಅಲ್ವಾ? ಎಲ್ಲಿಗೂ ಇಲ್ಲ.

ಇಲ್ಲಿ ಈಗ ಚಳಿ ಅಂದರೆ ಚಳಿ. ಮಂಗಳವಾರ, ಗುರುವಾರ ದೋನ್ಯಾಗೆ ಹೊರಗೆ ಕೆಲಸ ಇರ್ತದೆ, ಆಗ ಅಜ್ಜಿಯ ಹತ್ತಿರ ಯಾರಾದರೂ ಬೇಕು. ನಾನು ಕೂತುಕೊಳ್ತೇನೆ. ಅವತ್ತಿನ ಕ್ಲಾಸು ಹೋಗ್ತದೆ, ನೋಟ್ಸ್ ಇಸ್ಕೊಳ್ಳಬಹುದು ಅಂದುಕೊಂಡಿದ್ದೆ. ಕಳೆದ ವಾರದಿಂದ ಬುಧವಾರವೂ ಸೇರಿದೆ. ಅಜ್ಜಿ ಒಳ್ಳೆಯವರು. ಸೂಪು ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದುಕೊಳ್ತಾರೆ, ಬಿಡುವುದಿಲ್ಲ. ಅಷ್ಟು ವಯಸ್ಸಾದವರ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬರ್ತದೋ. ನನ್ನನ್ನು ರೊಸಾರಿಯೊ ಅಂತ ಕರೀತಾರೆ. ಅದು ಯಾರು ಅಂತ ಕೇಳಿದ್ದಕ್ಕೆ ದೋನ್ಯಾ, ಕಳೆದ ವರ್ಷ ಇದ್ದ ಹುಡುಗಿ, ಪೆರು ದೇಶದವಳು, ಹೇಳದೆ ಕೇಳದೆ ಹೋದಳು, ಉಪಕಾರ ಗೊತ್ತಿಲ್ಲದವಳು, ಅಂದರು.

ಬಾಗಿಲಿನ ಪಕ್ಕದ ಮೊಳೆಯಲ್ಲಿ ಒಂದು ಕಂದು ಬಣ್ಣದ ದಪ್ಪ ಕೋಟು ನೇತಾಡ್ತಾ ಇದೆ. ಅಜ್ಜಿಯ ಅಳತೆಯೂ ಅಲ್ಲ, ದೋನ್ಯಾದೂ ಅಲ್ಲ. ಒಳಗಿನ ಲೇಬಲ್ಲಿನಲ್ಲಿ ಪೆನ್ನಿನಿಂದ 'ರೊ' ಅಂತ ಬರೆದುಂಟು, ನಾವು ಹಾಸ್ಟೆಲಿನಲ್ಲಿ ಯೂನಿಫಾರ್ಮಿಗೆ ಬರೀತಿದ್ದ ಹಾಗೆ. ಅವಳು ಹೋದದ್ದು ಜನವರಿಯಲ್ಲಂತೆ. ಇಲ್ಲಿಯ ಜನವರಿಯಲ್ಲಿ ಕೋಟು ಬಿಟ್ಟು ಯಾರು ಹೋಗ್ತಾರೆ ಮಾವ?

ಕೇಳಬೇಕಾದ್ದು ಬೇರೆ. ಕ್ಲಾಸಿನವರು ಶನಿವಾರ ಲೈಬ್ರರಿಯಲ್ಲಿ ಒಟ್ಟಿಗೆ ಓದ್ತಾರೆ. ನಾನೂ ಹೋಗ್ತೇನೆ ಅಂತ ದೋನ್ಯಾ ಹತ್ತಿರ ಕೇಳಿದೆ. ಸುಮ್ಮನೆ ಮಾತಿಗೆ, ನಮ್ಮ ಹಾಸ್ಟೆಲಿನ ಗೇಟ್ ಪಾಸಿನ ಕತೆ ಹೇಳಿದೆ. ಲೋಕಲ್ ಗಾರ್ಡಿಯನ್ ಸೈನ್ ಮಾಡಿದ ಕಾಗದ ಇದ್ದರೆ ಮಾತ್ರ ಗೇಟು ತೆಗೀತಿದ್ದರು, ನನ್ನ ಮಾವನೇ ಸೈನ್ ಮಾಡ್ತಿದ್ದದ್ದು, ಅಂತ. ಎಂಟನೇ ಕ್ಲಾಸಿನಲ್ಲಿ ಒಂದು ಶನಿವಾರ ಬ್ಯಾಗು ಕಟ್ಟಿ ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದದ್ದನ್ನೂ ಹೇಳಿದೆ. ನಿಮಗೆ ಅವತ್ತು ಬರಲಿಕ್ಕೆ ಆಗಲಿಲ್ಲ, ಅದು ಬೇರೆ ವಿಷಯ. ಇವರಿಗೆ ಆ ಪದ್ಧತಿ ತುಂಬಾ ಹಿಡಿಸಿತು. ಹಾಗಾದರೆ ನನಗೂ ಅಂಥದ್ದೊಂದು ಕಾಗದ ತರಿಸು, ಅಂದರು. ತಮಾಷೆಗೆ ಅಂದುಕೊಂಡೆ. ಮರುದಿನ ಪುನಃ ಕೇಳಿದರು, ಬಂತಾ ಅಂತ.

ಒಂದು ಅನುಮತಿ ಪತ್ರ ಕಳಿಸ್ತೀರಾ? ಇಂಗ್ಲಿಷಿನಲ್ಲಿ, ಟೈಪ್ ಮಾಡಿ.

ನಿಮ್ಮ
ಅಪರ್ಣಾ


ತಿರುವನಂತಪುರ
೨೪ ನವೆಂಬರ್ ೨೦೨೪

ಚಿ. ಅಪರ್ಣಾಳಿಗೆ ಆಶೀರ್ವಾದಗಳು.

ಕೇಳಿದ ಪತ್ರ ಲಗತ್ತಿಸಿದ್ದೇನೆ. ಟೈಪ್ ಮಾಡಿಸಿ, ಸಹಿ ಹಾಕಿ, ನನ್ನ ಹಳೆಯ ರಬ್ಬರ್ ಸ್ಟ್ಯಾಂಪ್ ಒತ್ತಿದ್ದೇನೆ. 'ನಿವೃತ್ತ' ಎಂಬ ಶಬ್ದವನ್ನು ಕೈಯಲ್ಲಿ ಸೇರಿಸಬೇಕಾಯಿತು. ವಿಷಯ ಸ್ಪಷ್ಟವಾಗಿರಲಿ ಎಂದು ವಾರ ಮತ್ತು ವೇಳೆ ಎರಡನ್ನೂ ನಮೂದಿಸಿದ್ದೇನೆ: ಲೈಬ್ರರಿಗೆ, ಶನಿವಾರಗಳಂದು, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಮೂವತ್ತಮೂರು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇಷ್ಟು, ಬಿಡಿಬಿಡಿಯಾಗಿ ಬರೆಯದ ಅನುಮತಿ ಅನುಮತಿಯೇ ಅಲ್ಲ.

ಕ್ಲಾಸು ತಪ್ಪಿಸಬೇಡ. ಮುದುಕಿಯನ್ನು ನೋಡಿಕೊಳ್ಳುವುದು ಒಳ್ಳೆಯ ಕೆಲಸವೇ, ಆದರೆ ನೀನು ಹೋದದ್ದು ಓದಲಿಕ್ಕೆ. ಇದನ್ನು ಆ ಹೆಂಗಸಿಗೆ ನಯವಾಗಿ ಹೇಳು. ಸ್ವಲ್ಪ ಹೊಂದಿಕೊಂಡು ಹೋಗು.

ಕೋಟಿನ ವಿಷಯ ಓದಿದೆ. ಎರಡು ಸಲ ಓದಿದೆ. ಕೆಲವರು ಸಾಮಾನು ಮರೆಯುತ್ತಾರೆ.

ಇತಿ ನಿನ್ನ ಮಾವ
ಅಚ್ಯುತ


ಬುರ್ಗೋಸ್
೧೫ ಡಿಸೆಂಬರ್ ೨೦೨೪

ಮಾವ,

ನಿಮ್ಮ ಪತ್ರ ಬುಧವಾರ ಬಂತು. ಬೇಗ ಬೇಗ ಬರೀತಾ ಇದ್ದೇನೆ, ಅಜ್ಜಿ ನಿದ್ದೆಯಲ್ಲಿದ್ದಾರೆ.

ದೋನ್ಯಾ ಕನ್ನಡಕ ಹಾಕಿಕೊಂಡು, ಡಿಕ್ಷನರಿ ಇಟ್ಟುಕೊಂಡು ಓದಿದರು. ಸ್ಟ್ಯಾಂಪಿನ ಮೇಲೆ ಬೆರಳು ಆಡಿಸಿದರು. ತುಂಬಾ ಮೆಚ್ಚಿದರು ನಿಮ್ಮನ್ನು. ಆಮೇಲೆ ಅದನ್ನು ಒಂದು ಫೈಲಿಗೆ ಹಾಕಿ ಹೇಳಿದರು: "ಇದರಲ್ಲಿ ಶನಿವಾರ ಅಂತ ಉಂಟು. ಸೋಮವಾರ ಎಲ್ಲಿದೆ? ಶುಕ್ರವಾರ ಎಲ್ಲಿದೆ?"

ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಆಯಿತು. ಶನಿವಾರ ಹತ್ತರಿಂದ ಐದು ಬಿಟ್ಟರೆ ಬೇರೆ ಹೊತ್ತಿಗೆ ನನ್ನ ಮನೆಯವರ ಅನುಮತಿ ಇಲ್ಲ. ನನ್ನ ಮಾವನೇ ಬರೆದುಕೊಟ್ಟದ್ದು. ಗುರುವಾರದಿಂದ ಕ್ಲಾಸಿಗೆ ಹೋಗಲಿಲ್ಲ. ನಿನ್ನೆ ಶನಿವಾರ, ಹೋಗಬೇಕಿತ್ತು, ಆದರೆ ಅಜ್ಜಿಗೆ ಕೆಮ್ಮು. ದೋನ್ಯಾ ಬಾಗಿಲಿನ ಹತ್ತಿರ ನಿಂತು ನನ್ನನ್ನು ನೋಡಿದರು. ನಾನೇ ಬೂಟು ಬಿಚ್ಚಿದೆ.

ಅವರು ಹೊಡೆಯುವುದಿಲ್ಲ ಮಾವ, ಬೈಯುವುದೂ ಇಲ್ಲ. ಅದಕ್ಕೇ ಯಾರಿಗೆ ಎಂತ ಅಂತ ಹೇಳುವುದು? ಇದನ್ನೆಲ್ಲ ನಾನೇ ಅವರಿಗೆ ಕಲಿಸಿಕೊಟ್ಟೆನಾ ಅಂತ ಯೋಚನೆ ಬರ್ತದೆ. ಬಂದ ದಿನ ಅವರು ಎಲ್ಲ ವಾಪಸ್ ತಳ್ಳಿದ್ದರು. ಬಾತ್‌ರೂಮಿಗೆ ಹೋಗುವಾಗ ನಾನೇ ಕೇಳಿ ಹೋಗ್ತಿದ್ದೆ. ಈಗ ಕೇಳದಿದ್ದರೆ ಅವರು ಕಾಯ್ತಾರೆ.

ಇನ್ನೊಂದು. ಶುಕ್ರವಾರ ಒಂದು ಕಾಗದ ತಂದು ಸೈನ್ ಮಾಡು ಅಂದರು. ಸ್ಪ್ಯಾನಿಷಿನಲ್ಲಿ ಟೈಪ್ ಮಾಡಿದೆ, ಯುನಿವರ್ಸಿಟಿಯ ಹೆಸರುಂಟು, ನನ್ನ ಹೆಸರುಂಟು. ಆಫೀಸಿನ ಭಾಷೆ, ನನಗೆ ಅರ್ಧ ಗೊತ್ತಾಗುವುದಿಲ್ಲ, ಗೊತ್ತಾದ ಅರ್ಧ ನನಗೆ ಸರಿ ಕಾಣುವುದಿಲ್ಲ. ಓದಿ ಮಾಡ್ತೇನೆ ಅಂದೆ. ಜನವರಿಯ ಹಬ್ಬದವರೆಗೆ ಟೈಮ್ ಕೊಟ್ಟಿದ್ದಾರೆ. ಅದನ್ನು ಅಕ್ಷರ ಬಿಡದೆ ಹಿಂದಿನ ಹಾಳೆಯಲ್ಲಿ ನಕಲು ಮಾಡಿದ್ದೇನೆ. ಯಾರ ಹತ್ತಿರವಾದರೂ ಓದಿಸ್ತೀರಾ?

ಸೆಪ್ಟೆಂಬರಿನಲ್ಲಿ ತಕ್ಕೊಂಡ ಅಂಚೆ ಸ್ಟ್ಯಾಂಪು ಇದೇ ಕೊನೆಯದು. ಬ್ರೆಡ್ ತರುವಾಗ ಅಂಗಡಿಯ ಎದುರಿನ ಡಬ್ಬಕ್ಕೆ ಹಾಕ್ತೇನೆ. ಇನ್ನು ಮುಂದೆ ನಿನ್ನ ಕಾಗದ ನಾನೇ ಪೋಸ್ಟ್ ಮಾಡ್ತೇನೆ ಅಂದಿದ್ದಾರೆ ದೋನ್ಯಾ. ಬರುವ ಕಾಗದವನ್ನೂ ಎದುರು ಕೂರಿಸಿ, ಗಟ್ಟಿಯಾಗಿ ಓದು, ಏನು ಬರೆದಿದ್ದಾರೆ ಹೇಳು, ಅಂತಾರೆ.

ಅಪರ್ಣಾ


ಬುರ್ಗೋಸ್
೫ ಜನವರಿ ೨೦೨೫

ಪ್ರೀತಿಯ ಮಾವನಿಗೆ,

ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಚೆನ್ನಾಗಿ ಓದುತ್ತಿದ್ದೇನೆ.

ನಿಮ್ಮ
ಅಪರ್ಣಾ


ಕಲೂರ್, ಕೊಚ್ಚಿ
೨೭ ಜನವರಿ ೨೦೨೫, ಸೋಮವಾರ

ಅಪರ್ಣಾ, ಮಗಳೇ,

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನಿನ್ನ ಯುನಿವರ್ಸಿಟಿಯ ಆಫೀಸಿನ ಹೆಂಗಸು, ಹೋದ ವಾರ ಬಂದವರೇ, ಇನ್ನೊಮ್ಮೆ ನಿನ್ನ ಬಾಗಿಲಿಗೆ ಬರುತ್ತಾರೆ. ನಾನು ಕೈಯಲ್ಲಿ ಬರೆದು ನಿನ್ನ ಅಮ್ಮನ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದನ್ನು ಅವರು ಪ್ರಿಂಟ್ ಮಾಡಿ ನಿನ್ನ ಕೈಗೇ ಕೊಡುತ್ತಾರೆ. ದೋನ್ಯಾ ಪಕ್ಕದಲ್ಲಿ ನಿಂತಿರುತ್ತಾರೆ, ಗೊತ್ತು. ಗಟ್ಟಿಯಾಗಿ ಓದು ಅಂದರೆ, ಮನೆಯಲ್ಲಿ ಎಲ್ಲರೂ ಸೌಖ್ಯ, ಮಾವನ ಮಂಡಿನೋವು ಕಡಿಮೆ ಆಗಿದೆ, ಅಂತ ಓದು. ಕಣ್ಣು ಮಾತ್ರ ಸಾಲಿನ ಮೇಲೆ ಇರಲಿ. ನಿಧಾನಕ್ಕೆ ಓದು.

ನಿನ್ನ ಡಿಸೆಂಬರಿನ ಕಾಗದ ಬಂದದ್ದು ಜನವರಿ ಆರಕ್ಕೆ. ಅವತ್ತೇ ಹೊರಟು ಕೊಚ್ಚಿಗೆ ಬಂದೆ. ಫೋರ್ಟ್ ಕೊಚ್ಚಿಯಲ್ಲಿ ವಿಲ್ಸನ್ ಅಂತ ನನ್ನ ಹಳೆಯ ಸಹೋದ್ಯೋಗಿಯ ತಮ್ಮ ಹೋಮ್‌ಸ್ಟೇ ನಡೆಸುತ್ತಾನೆ. ಅವನಲ್ಲಿ ಸ್ಪೇನಿನ ದಂಪತಿ ಉಳಿದಿದ್ದರು. ಗಂಡ ನಿನ್ನ ನಕಲು ಓದಿದ. ಓದಿ ಹೆಂಡತಿಗೆ ಕೊಟ್ಟ. ಅವಳು ಓದಿ ನನ್ನನ್ನು ಕೂರಿಸಿದಳು. ಅದರಲ್ಲಿ ಇರುವುದು ಇಷ್ಟು: ಆರೋಗ್ಯ ಸರಿ ಇಲ್ಲದ ಕಾರಣ ನಾನು ಸ್ವಂತ ಇಚ್ಛೆಯಿಂದ ಓದು ಬಿಡುತ್ತಿದ್ದೇನೆ, ಇದೇ ಮನೆಯಲ್ಲಿ, ಮನೆಯವಳಾಗಿ ಇರುತ್ತೇನೆ, ದಯವಿಟ್ಟು ನನ್ನನ್ನು ಯಾರೂ ಸಂಪರ್ಕಿಸಬೇಡಿ.

ನಿನ್ನ ಭಾನುವಾರದ ಫೋನು ನಿಂತು ಹೋಗಿದೆ ಅಂತ ದಾಕ್ಷಾಯಣಿ ಮೊದಲೇ ಆತಂಕದಲ್ಲಿದ್ದಳು; ಅವಳಿಗೆ ಎಲ್ಲ ಹೇಳಿದೆ. ಹೇಳಬೇಡ ಅಂದಿದ್ದೆ ನೀನು, ಆ ಮಾತು ಮೀರಿದೆ. ಅವಳು ಆಫೀಸಿಗೆ ರಜೆ ಹಾಕಿ ಮೂರು ದಿನ ಫೋನು ಹಿಡಿದು ಕೂತಳು. ರಾಯಭಾರಿ ಕಚೇರಿ, ಯುನಿವರ್ಸಿಟಿ, ಯಾರನ್ನೂ ಬಿಡಲಿಲ್ಲ. ಎಲ್ಲರದ್ದೂ ಒಂದೇ ಉತ್ತರ. ಆ ಕಾಗದ ಆಗಲೇ ಯುನಿವರ್ಸಿಟಿಗೆ ಬಂದಿದೆ, ಹುಡುಗಿಗೆ ಹದಿನೆಂಟು ತುಂಬಿದೆ, ಸಹಿ ಅವಳದ್ದೇ, ಅವಳು ಬಾಯಿಬಿಟ್ಟು ಹೇಳಲಿ. ಆಮೇಲೆ ಯುನಿವರ್ಸಿಟಿಯ ಆ ಹೆಂಗಸು ನಿನ್ನಲ್ಲಿಗೆ ಬಂದರು. ನೀನು ಬಾಗಿಲಲ್ಲಿ ನಿಂತು, ಚೆನ್ನಾಗಿದ್ದೇನೆ, ಅಂದೆಯಂತೆ. ಸಹಿ ನಿನ್ನದಾ ಅಂತ ಕೇಳಿದ್ದಕ್ಕೆ ಹೌದು ಅಂದೆಯಂತೆ. ಅವರು ವಾಪಸ್ ಹೋಗಿ ನಮಗೆ ಹಾಗೇ ಬರೆದರು. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ಉತ್ತರ ಹೇಳುವ ಮೊದಲು ಹುಡುಗಿ ಪ್ರತಿ ಸಲ ಹಿಂದೆ ತಿರುಗಿ ನೋಡುತ್ತಿದ್ದಳು. ಆ ಸಾಲಿಗಾಗಿಯೇ ಅವರು ಮತ್ತೊಮ್ಮೆ ಬರಲು ಒಪ್ಪಿದ್ದಾರೆ. ಕೈ ಹಿಡಿದು ಎಳೆದುಕೊಂಡು ಹೋಗಲು ಅವರಿಗೆ ಅಧಿಕಾರ ಇಲ್ಲ. ನಿನ್ನ ಅಮ್ಮ ವೀಸಾಕ್ಕೆ ಹಾಕಿದ್ದಾಳೆ, ಇನ್ನೂ ಮೂರು ವಾರ ಬೇಕಂತೆ. ಅಷ್ಟು ದಿನ ಕಾಯುವ ಧೈರ್ಯ ನಮಗಿಬ್ಬರಿಗೂ ಇಲ್ಲ.

ಮೊನ್ನೆ ನಿನ್ನ ಮೂರು ಸಾಲಿನ ಕಾಗದವನ್ನು ತಿರುವನಂತಪುರದ ಮನೆಯಿಂದ ಇಲ್ಲಿಗೆ ತಂದು ಕೊಟ್ಟರು, ಮೇಲಿನ ಮನೆಯ ಹುಡುಗರು. ದಾಕ್ಷಾಯಣಿ ಓದಿದಳು. ಅದು ನಿಮ್ಮ ಹಾಸ್ಟೆಲಿನ ಬೋರ್ಡಿನ ಮೇಲಿನ ಸಾಲು ಅಂತ ನಾನು ಹೇಳಬೇಕಾಗಲಿಲ್ಲ. ಆ ತರಹದ ಇನ್ನೂರು ಕಾಗದ ಅವಳ ಟ್ರಂಕಿನಲ್ಲಿದೆ. ಕಾಗದ ಮಡಚಿಟ್ಟು ಕೇಳಿದಳು:

"ಅವಳು ಬಾಗಿಲಲ್ಲಿ ನಿಂತು ಯಾರ ಅನುಮತಿಗೆ ಕಾಯ್ತಾ ಇದ್ದಾಳೆ ಅಣ್ಣ? ನಮ್ಮದಕ್ಕೇ ಅಲ್ವಾ?"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ನಿನಗೆ ಒಂದು ವಿಷಯ ಹೇಳಬೇಕು. ಎಂಟನೇ ಕ್ಲಾಸಿನ ಆ ಶನಿವಾರ ನನಗೆ ಬರಲಿಕ್ಕೆ ಆಗಲಿಲ್ಲ ಅಂತ ನೀನು ಇಷ್ಟು ವರ್ಷ ತಿಳಿದಿದ್ದೀಯ. ನಾನು ಬಂದಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು ಗೇಟಿನ ಹತ್ತಿರ ಬರುವಾಗ ಐದು ಗಂಟೆ ಹತ್ತು ನಿಮಿಷ. ಐದಕ್ಕೆ ಗೇಟು ಬಂದ್ ಅಂತ ಬೋರ್ಡು ಇತ್ತು. ಕಂಬಿಯ ಸಂದಿಯಿಂದ ಬೆಂಚಿನ ಮೇಲೆ ನೀನು ಕಾಣುತ್ತಿದ್ದೆ, ಬ್ಯಾಗು ತೊಡೆಯ ಮೇಲೆ. ಬೆಲ್ ಒತ್ತಲಿಲ್ಲ. ನಿಯಮ ನಿಯಮವೇ ಅಂದುಕೊಂಡು ತಿರುಗಿ ಹೋದೆ. ಸೋಮವಾರ ನಿನ್ನನ್ನು ಕಾಮಾಲೆ ಅಂತ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಲ್ಲಿ ನಿನ್ನ ಹಳದಿ ಕಣ್ಣು ನೋಡಿದ ಮೇಲೆ ಈ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಹಾಗಾಗಿ ನಿನಗೆ ಇದನ್ನು ಕಲಿಸಿದವರು ಸಿಸ್ಟರ್ ಮಾತ್ರ ಅಲ್ಲ. ನೀನು ಆ ದೋನ್ಯಾಗೆ ಕಲಿಸಿಕೊಟ್ಟೆ ಅಂತ ಬೇಸರ ಮಾಡಿಕೊಳ್ಳಬೇಡ. ಅವರಿಗೆ ಫೈಲಿನಲ್ಲಿ ಇಡಲು ಕಾಗದ ಬರೆದುಕೊಟ್ಟವನು ನಾನು.

ಈಗ ಕೇಳು. ಯುನಿವರ್ಸಿಟಿಯ ಆ ಹೆಂಗಸಿನ ಕಾರು ಮೆಟ್ಟಿಲ ಕೆಳಗೆ ನಿಂತಿರುತ್ತದೆ. ಈ ಹಾಳೆ ಓದಿ ಮುಗಿದ ಕೂಡಲೇ ಅವರ ಜೊತೆ ಇಳಿ. ಡ್ರಾಯರು ಕೇಳಬೇಡ. ಪಾಸ್‌ಪೋರ್ಟು, ಫೋನು ಎಲ್ಲ ಆಮೇಲೆ ಬಿಡಿಸಿಕೊಳ್ಳೋಣ. ಸರಕಾರದ ಸೊತ್ತು ಅಂದಿದ್ದೆ, ಇರಲಿ ಬಿಡು. ಅಜ್ಜಿ ಒಳಗಿನಿಂದ ಕರೆಯಬಹುದು. ಅವರನ್ನು ನೋಡಿಕೊಳ್ಳಲು ಬೇರೆಯವರನ್ನು ಕಳಿಸುತ್ತೇನೆ ಅಂತ ಆ ಹೆಂಗಸು ಮಾತು ಕೊಟ್ಟಿದ್ದಾರೆ. ನೀನು ತಿರುಗಿ ನೋಡಬೇಡ. ಮೊಳೆಯಲ್ಲಿರುವ ಕೋಟು ಹಾಕಿಕೋ. ಆ ರೊಸಾರಿಯೊ ಹೇಗೆ ಹೋದಳು ಎಂದು ನನಗೆ ಈಗ ಅರ್ಥವಾಗುತ್ತದೆ. ಅವಳಿಗೆ ಕೋಟಿಗೆ ಕೈ ಚಾಚುವಷ್ಟು ಹೊತ್ತೂ ಸಿಕ್ಕಿರಲಿಕ್ಕಿಲ್ಲ.

ಇದು ನಿನ್ನ ಗೇಟ್ ಪಾಸ್:

ಕು. ಅಪರ್ಣಾ ಯಾವ ವಾರವಾದರೂ, ಯಾವ ಗಂಟೆಗಾದರೂ, ಯಾರನ್ನೂ ಕೇಳದೆ ಹೊರಗೆ ಹೋಗಬಹುದು. ಹಿಂತಿರುಗುವ ವೇಳೆ: ಇಲ್ಲ.

ಸಹಿ: ಅಚ್ಯುತ, ಲೋಕಲ್ ಗಾರ್ಡಿಯನ್
ಸಹಿ: ದಾಕ್ಷಾಯಣಿ, ತಾಯಿ

ಸ್ಟ್ಯಾಂಪು ತಿರುವನಂತಪುರದಲ್ಲಿ ಉಳಿದಿದೆ. ಅದು ಬೇಕಾಗುವುದಿಲ್ಲ.

ಬುಧವಾರ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ ಆಗಿರುತ್ತದೆ. ನಿನ್ನ ಅಮ್ಮ, ನಾನು ಇಬ್ಬರೂ ಇಲ್ಲೇ ಊಟದ ಮೇಜಿನ ಹತ್ತಿರ ಇರುತ್ತೇವೆ, ಫೋನು ಮಧ್ಯದಲ್ಲಿ. ಆ ಹೆಂಗಸಿನ ಫೋನಿನಿಂದ ಎರಡು ಅಕ್ಷರ ಹಾಕಿದರೂ ಸಾಕು. ಹೊರಗೆ ಬಂದ ಮೇಲೆ ಉತ್ತರ ಬರೆ. ಬೇಗ ಬರೆ.

ನಿನ್ನ ಮಾವ
ಅಚ್ಯುತ